ಬೇರೆ ಕೈಯ ಮದ್ದು

ಕಪಿಲಾ ನದಿಯ ದಡದಲ್ಲಿ ಮರಿಬಸವಯ್ಯ ಎಂಬ ಗುರುಗಳ ಪುಟ್ಟ ಆಶ್ರಮ. ಅಲ್ಲಿ ಪಾಠವೂ ಉಂಟು, ಮದ್ದೂ ಉಂಟು.

ಆಶ್ರಮಕ್ಕೆ ಸೇರುವ ಶಿಷ್ಯ ಒಂದು ಮಾತು ಕೊಡಬೇಕು: ಗುರುವಿನ ಕೈ ಬಿಟ್ಟು ಬೇರೆ ಕೈಯ ಮದ್ದು ಮುಟ್ಟುವುದಿಲ್ಲ. ಗುರುಗಳ ಗುರುಗಳ ಕಾಲದಿಂದ ಬಂದ ಕಟ್ಟಳೆ ಇದು. ಯಾಕೆಂದು ಯಾರೂ ಕೇಳಲು ಹೋಗಿರಲಿಲ್ಲ.

ಸಿದ್ದಮಲ್ಲನೂ ಮಾತು ಕೊಟ್ಟಿದ್ದ. ಆಗ ಅವನಿಗೆ ಹದಿಮೂರು, ಮುಖ ನುಣ್ಣಗಿತ್ತು. ಈಗ ಹತ್ತೊಂಬತ್ತು, ಮುಖದ ತುಂಬ ಮೊಡವೆ.

ಬರಬರುತ್ತ ಅವನು ಹೆಗಲ ವಸ್ತ್ರವನ್ನು ಕಣ್ಣಿನ ತನಕ ಸುತ್ತಿಕೊಳ್ಳತೊಡಗಿದ. ನೀರು ತರುವಾಗಲೂ ಹಾಗೆಯೇ, ಊಟಕ್ಕೆ ಕೂತಾಗಲೂ ಹಾಗೆಯೇ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮುದ್ದೆ ನುಂಗುವುದು ಎಂಥ ಸಾಹಸವೆಂದು ಅವನನ್ನೇ ಕೇಳಬೇಕು.

ಗುರುಗಳು ಬೇವಿನ ಲೇಪ ಕೊಟ್ಟಿದ್ದರು. ಆರು ತಿಂಗಳಾದರೂ ದವಡೆಯ ಮೇಲಿನ ಗಂಟುಗಳು ಕರಗಲಿಲ್ಲ.

"ಹೇಗಿದೆಯೋ?" ಎಂದು ಕೇಳಿದರೆ, "ವಾಸಿ ಆಗ್ತಿದೆ ಬುದ್ಧಿ" ಎನ್ನುತ್ತಿದ್ದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗ. ಕಿವಿ ಕೆಂಪಾಗಿಬಿಡುತ್ತಿತ್ತು.

ಒಂದು ಬೆಳಿಗ್ಗೆ ಗುರುಗಳು ಜಗಲಿಯ ಮೇಲೆ ಚಾಪೆ ಹಾಸಿದರು.

"ಇವತ್ತು ಬಂದವರನ್ನ ನೀನೇ ನೋಡು ಮಗ. ನಾನು ಸುಮ್ನೆ ಕೂತಿರ್ತೀನಿ."

ಮೊದಲು ಬಂದವನು ಒಬ್ಬ ಬಸ್ ಕಂಡಕ್ಟರ್. ಮೂಗಿನ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು.

"ದಿನಾ ಉಗುರಲ್ಲಿ ಕೀಳ್ತೀನಿ ಸ್ವಾಮಿ. ಮತ್ತೆ ಬರ್ತವೆ. ಎಷ್ಟು ಕೊಳೆ ಇದ್ದಾತು!"

"ಅದು ಕೊಳೆ ಅಲ್ಲಣ್ಣ," ಎಂದ ಸಿದ್ದಮಲ್ಲ. "ಚರ್ಮದ ರಂಧ್ರ ಜಿಡ್ಡಿಂದ ಕಟ್ಕೊಂಡಿದೆ. ರಂಧ್ರದ ಬಾಯಿ ತೆರೆದಿದ್ರೆ ಕಪ್ಪಗೆ ಕಾಣ್ತದೆ, ಮುಚ್ಚಿದ್ರೆ ಬೆಳ್ಳಗೆ. ಕೀಳ್ಬೇಡಿ. ದಿನಕ್ಕೆ ಎರಡೇ ಸಲ ಮೆತ್ತಗೆ ತೊಳೀರಿ. ಮುಖಕ್ಕೆ ಎಣ್ಣೆ ಹಚ್ಚೋದು ಬಿಡಿ. ಆಮೇಲೂ ಹೋಗದಿದ್ರೆ ಇದಕ್ಕೆ ಅಂತ್ಲೇ ಮುಲಾಮು ಇದೆ, ಔಷಧಿ ಅಂಗಡೀಲಿ ಕೇಳಿ."

ಗುರುಗಳು ಕಂಬಕ್ಕೊರಗಿ ತಲೆದೂಗಿದರು.

ಆಮೇಲೆ ಕಾಲೇಜಿಗೆ ಹೋಗುವ ಮಗಳನ್ನು ಎಳೆದುಕೊಂಡು ಒಬ್ಬ ತಾಯಿ ಬಂದಳು. ಹುಡುಗಿಯ ಕೆನ್ನೆ ಮೇಲೆ ಕೆಂಪು ಮೊಡವೆ, ತುದಿಯಲ್ಲಿ ಕೀವು, ಮೇಲೆ ಏನೋ ಬಿಳಿಯದು ಒಣಗಿ ಅಂಟಿಕೊಂಡಿತ್ತು.

"ಹಲ್ಲುಜ್ಜೋ ಪೇಸ್ಟು. ನಾನೇ ಹಚ್ಚು ಅಂದೆ," ಎಂದಳು ತಾಯಿ.

"ಅದನ್ನ ಹಲ್ಲಿಗೇ ಬಿಡಿ ಅವ್ವ. ಇವು ಊದ್ಕೊಂಡಿರೋ ಮೊಡವೆ, ಹಿಸುಕಿದ್ರೆ ಒಳಕ್ಕಿಳಿತವೆ. ಲೇಪ ಕೊಡ್ತೀನಿ, ತೆಳ್ಳಗೆ ಹಚ್ಲಿ. ಉರಿ ಬಂದ್ರೆ ನಿಲ್ಸಿ. ಎರಡು ತಿಂಗಳಲ್ಲಿ ತಗ್ಗದಿದ್ರೆ ಡಾಕ್ಟರಿಗೆ ತೋರ್ಸಿ."

"ಬರೀ ಬೋಂಡ ತಿಂದು ತಿಂದು ಬಂದದ್ದು ಸ್ವಾಮಿ! ಸ್ವಲ್ಪ ಬೈಯಿರಿ ಇವಳಿಗೆ."

"ವಯಸ್ಸಿಗೆ ಬಂದದ್ದಕ್ಕೆ ಬೈಯೋಕಾಗುತ್ತಾ ಅವ್ವ?"

ಹುಡುಗಿ ನಕ್ಕಳು. ಮನೆಯಿಂದ ಹೊರಟಾಗಿನಿಂದ ಅದೇ ಅವಳ ಮೊದಲ ನಗು.

ಕೊನೆಗೆ ಬಂದವಳು ಬಟ್ಟೆ ಹೊಲಿಯುವ ಮಾದೇವಿ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಸೆರಗು ಸರಿಸಿದಾಗ ದವಡೆಯ ಉದ್ದಕ್ಕೂ ಗಂಟುಗಳು, ಗಟ್ಟಿಯಾದವು, ಆಳವಾದವು.

"ವರ್ಷ ಆಯ್ತು. ದಿಂಬು ತಾಕಿದ್ರೂ ಜೀವ ಹೋಗ್ತದೆ."

ಸಿದ್ದಮಲ್ಲ ಲೇಪದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ: "ಅಕ್ಕ, ಇದು ನಮ್ಮ ಲೇಪಕ್ಕೆ ಬಗ್ಗೋದಲ್ಲ. ಪಟ್ಟಣದಲ್ಲಿ ಚರ್ಮದ ಡಾಕ್ಟರಿದಾರೆ. ಇದಕ್ಕೆ ನುಂಗೋ ಔಷಧಿ ಬೇಕು, ಅವರೇ ಪರೀಕ್ಷೆ ಮಾಡಿ ಕೊಡ್ಬೇಕು. ನಾಳೆ ನಾಡಿದ್ದು ಅನ್ಬೇಡಿ. ತಡವಾದ್ರೆ ಕುಳಿ ಬೀಳ್ತದೆ. ಬಿದ್ದ ಕುಳಿ ಸುಲಭಕ್ಕೆ ಹೋಗಲ್ಲ."

ಮಾದೇವಿ ಕೈಮುಗಿದು ಹೊರಟಳು. ಜಗಲಿ ಖಾಲಿಯಾಯಿತು.

"ಇನ್ನೊಬ್ರಿದಾರೆ," ಎಂದರು ಗುರುಗಳು.

"ಎಲ್ಲಿ ಬುದ್ಧಿ?"

"ವಸ್ತ್ರ ತೆಗಿ."

ಸಿದ್ದಮಲ್ಲ ಒಂದೊಂದೇ ಸುತ್ತು ಬಿಚ್ಚಿ ವಸ್ತ್ರ ತೆಗೆದ.

"ಇದು ಯಾವ ಬಗೆ?"

"ಮಾದೇವಕ್ಕನದೇ ಬಗೆ."

"ಮದ್ದು?"

ಸಿದ್ದಮಲ್ಲ ವಸ್ತ್ರವನ್ನು ಮಡಚತೊಡಗಿದ.

"ಅವಳಿಗೆ ಅಷ್ಟು ಚೆನ್ನಾಗಿ ಹೇಳ್ದೆ. ಇವನಿಗೆ ಹೇಳೋಕೆ ಏನು ಬಂತು?"

"ಅವರು ಮಾತು ಕೊಟ್ಟಿಲ್ಲ ಬುದ್ಧಿ. ನಾನು ಕೊಟ್ಟಿದೀನಿ."

"ಕುಳಿ ಬಿದ್ರೆ?"

"ಬೀಳ್ಲಿ. ನಾನು ಡಾಕ್ಟರ ಹತ್ರ ಹೋದ್ರೆ ಊರು ಏನಂತದೆ? ಮರಿಬಸವಯ್ಯನೋರ ಮದ್ದು ಅವರ ಶಿಷ್ಯನಿಗೇ ಹತ್ತಲಿಲ್ಲ ಅಂತದೆ."

"ಹತ್ತಲಿಲ್ಲವಲ್ಲ. ಊರು ನಿಜ ಹೇಳಿದ್ರೆ ನಿನಗೇನು ಕಷ್ಟ?"

ಅಷ್ಟು ಹೊತ್ತು ತಡೆದಿದ್ದ ಹುಡುಗ ಬಿಕ್ಕಿಬಿಟ್ಟ.

"ಲೇಪಾನ ಎರಡರಷ್ಟು ಹಚ್ದೆ. ತೆಂಗಿನ ನಾರಲ್ಲಿ ಉಜ್ಜಿದೆ. ನಂಗೆ ಭಕ್ತಿ ಸಾಲದು ಅನ್ಕೊಂಡೆ ಬುದ್ಧಿ."

ಅವನ ಸುಳ್ಳು ಗುರುಗಳಿಗೆ ಗೊತ್ತಿತ್ತು. ಈ ನಾರಿನ ಸಂಗತಿ ಗೊತ್ತಿರಲಿಲ್ಲ.

"ಹುಚ್ಚಪ್ಪ," ಎಂದು ತಮ್ಮ ವಸ್ತ್ರದಲ್ಲೇ ಅವನ ಕಣ್ಣು ಒತ್ತಿದರು, ಗಂಟುಗಳಿಗೆ ತಾಕದಂತೆ. "ಮೊಡವೆಗೆ ಭಕ್ತಿ ಗೊತ್ತಾಗಲ್ಲ ಕಣೋ."

ಎದ್ದು ಒಳಗೆ ಹೋಗಿ ಕೊಡೆ ತಂದರು. ಮೆಟ್ಟು ಹುಡುಕಿ ಹಾಕಿಕೊಂಡರು.

"ನಡಿ. ಹತ್ತೂವರೆ ಬಸ್ಸು ಸಿಗ್ತದೆ. ನಾನೂ ಬರ್ತೀನಿ."

"ಕಟ್ಟಳೆ?"

"ಇವತ್ತಿಗೆ ಮುಗೀತು."

ಸಿದ್ದಮಲ್ಲ ಕೂತಲ್ಲಿಂದ ಏಳಲಿಲ್ಲ. "ಅದು ನಿಮ್ಮ ಗುರುಗಳು ಮಾಡಿದ್ದಲ್ವಾ ಬುದ್ಧಿ? ನೀವು ಅದನ್ನ ಮುರೀಬೋದಾ?"

ಗುರುಗಳು ಅವನ ಎದುರು ಕುಕ್ಕರಗಾಲಲ್ಲಿ ಕೂತರು. ಅವನ ಕೈ ಹಿಡಿದು, ತಮ್ಮ ಬಿಳಿ ಗಡ್ಡದೊಳಗೆ ತೂರಿಸಿ, ಕೆನ್ನೆಯ ಮೇಲೆ ಇಟ್ಟುಕೊಂಡರು.

ಆರು ವರ್ಷ ಅವರ ಕಾಲೊತ್ತಿದ ಕೈ ಅದು. ಮುಖವನ್ನು ಎಂದೂ ಮುಟ್ಟಿರಲಿಲ್ಲ. ಕೂದಲಿನಡಿ ಬೆರಳಿಗೆ ಒಂದು ಕುಳಿ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ದವಡೆಯ ಕೊನೆಯ ತನಕ ಸಿಗುತ್ತಲೇ ಹೋದವು.

"ನನ್ನ ಗುರುಗಳಿಗೆ ನಾನಂದ್ರೆ ಪ್ರಾಣ," ಎಂದರು ಮರಿಬಸವಯ್ಯ. "ಕೊನೇವರೆಗೂ ಬೇರೆ ಯಾರ ಹತ್ರಾನೂ ಕಳಿಸಲಿಲ್ಲ."