ಪಟಪಟ ರೆಪ್ಪೆ ಬಡಿಯುತ್ತಿದ್ದ ಗಂಗಿ

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕಿಂತ ಒಂಚೂರು ಈಚೆ, ಕೆಂಪು ಮೆಣಸಿನಕಾಯಿ ಬೆಳೆಯೋ ಸೀಮೇಲಿ ಹೊನ್ನವ್ವ ಅಂತ ಒಬ್ಬಳಿದ್ದಳಂತೆ. ಮೂರು ಕೂಸು ಹೊಟ್ಟೇಲೇ ಹೋಗಿ, ನಾಲ್ಕನೇದು ಗಂಗಿ ಅನ್ನೋ ಹೆಣ್ಣುಕೂಸು ಉಳೀತಂತೆ. ಬಾಣಂತನ ಮುಗಿದ ಮೇಲೆ ಹೊನ್ನವ್ವ ಮತ್ತೆ ಕಣಕ್ಕೆ ಹೋದಳಂತೆ, ಬೆಳಗಿಂದ ಸಂಜೆ ತನಕ ಒಣಮೆಣಸಿನಕಾಯಿ ತೊಟ್ಟು ಮುರಿಯೋ ಕೆಲಸ. ಆಮೇಲೆ ಮನೆಗೆ ಬಂದವಳೇ ಕೈ ತೊಳೆದು, ಕೂಸನ್ನ ಎತ್ತಿಕೊಂಡು, ಹಾಲು ಕುಡಿಸಿ, ಸೆರಗಲ್ಲಿ ಬಾಯಿ ಕಣ್ಣು ಒರೆಸಿ ಮುದ್ದಾಡೋಳಂತೆ.

ಒಂದು ದಿನ ನೋಡ್ತಾಳೆ, ಕೂಸು ಪಟಪಟ ಪಟಪಟ ರೆಪ್ಪೆ ಬಡೀತಿದೆ, ನಿಲ್ಲಿಸೋದೇ ಇಲ್ಲ. ಹೊನ್ನವ್ವ ಮನೆಯವರನ್ನ ಕೂಗಿದಳಂತೆ. ಅತ್ತೆ ನಿಂಗಮ್ಮ ಬಂದು, ದೃಷ್ಟಿ ತಾಗಿದೆ ಕಣೇ ಅಂತ ಕಾಡಿಗೆ ತೆಗೆದು ಕಣ್ಣೊಳಗೇ ತೀಡಿದಳಂತೆ. ಮಾರನೇ ದಿನ ಕಣ್ಣು ಕೆಂಡ. ಆಮೇಲೆ ಪಕ್ಕದ ಮನೆಯವಳು ಬಂದು, ಎದೆಹಾಲು ಹಿಂಡಿದರೆ ತಂಪು ಅಂದಳಂತೆ, ಹಿಂಡಿದರು, ರೆಪ್ಪೆ ಅಂಟಿಕೊಂಡಿತು. ಆಮೇಲೆ ಬೀದೀಲಿ ಬೇರು ಮಾರೋನು ಬಂದು, ಇದನ್ನ ತೇದು ಹಚ್ಚಿ ಅಂದನಂತೆ, ಅದನ್ನೂ ಹಚ್ಚಿದರು. ಮೂರನೇ ದಿನಕ್ಕೆ ಎರಡೂ ಕಣ್ಣು ಊದಿ ಮುಚ್ಚಿಹೋದವಂತೆ.

ಹೊನ್ನವ್ವ, ಕುರುಡಾಗಿಬಿಡ್ತಾ ನನ್ನ ಕೂಸು ಅಂತ ಗರಬಡಿದವಳ ಹಾಗೆ ಕೂತು, ಗಂಗಿ ಅತ್ತಾಗಲೆಲ್ಲ ಸೆರಗಲ್ಲಿ ಕಣ್ಣೀರು ಒರೆಸಿದಳಂತೆ. ಒರೆಸಿದಷ್ಟೂ ಅದು ಕಿಟಾರನೆ ಕಿರುಚೋದಂತೆ.

ಕೊನೆಗೆ ಹೆರಿಗೆ ಮಾಡಿಸಿದ್ದ ಸೂಲಗಿತ್ತಿ ದ್ಯಾಮಜ್ಜಿಯನ್ನ ಕರೆಸಿದರು. ಅಜ್ಜಿ ಬಂದು ಬಾಗಿಲಲ್ಲೇ ನಿಂತು, ಹೊನ್ನವ್ವ ಒರೆಸೋದನ್ನ ನೋಡಿದಳಂತೆ. ಆಮೇಲೆ ಮೆಲ್ಲಗೆ ಅಂದಳಂತೆ, “ಆ ಸೆರಗಿನ ತುದಿ ಒಂಚೂರು ನಿನ್ನ ಬಾಯಲ್ಲಿಟ್ಟುಕೋ, ಮಗಳೇ.”

ಹೊನ್ನವ್ವ ಇಟ್ಟುಕೊಂಡಳು. ನಾಲಿಗೆ ಚುರ್ ಅಂತು, ತುಟಿ ಉರೀತು, ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು. ಸೆರಗು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದಳಂತೆ, ಕೆಂಪಗೆ ಧೂಳು. ಯಾರ ಕಣ್ಣು ಬಿತ್ತೋ ಅಂತ ಊರವರನ್ನೆಲ್ಲ ಅನುಮಾನಿಸಿದ್ದಳು. ಮೆಣಸಿನ ಧೂಳು ತಂದು ಕೂಸಿನ ಕಣ್ಣಿಗೆ ಸವರಿದವಳು ತಾನೇ.

ದ್ಯಾಮಜ್ಜಿ ಬೈಯಲಿಲ್ಲವಂತೆ. ನೀರು ಕುದಿಸಿ ಆರಿಸಿ, ಹಳೇ ಮೆತ್ತನೆ ಪಂಚೆ ಹರಿದು ಅದನ್ನೂ ಕುದಿಸಿ, ಮೂಗಿನ ಕಡೆಯಿಂದ ಕಿವಿ ಕಡೆಗೆ ಒಂದೊಂದು ಸಲ ಒರೆಸಿದಳಂತೆ, ಆ ಕಣ್ಣಿನ ಬಟ್ಟೆ ಈ ಕಣ್ಣಿಗೆ ಮುಟ್ಟಿಸಲಿಲ್ಲ. ಕಾಡಿಗೆ, ಹಾಲು, ಬೇರು ಯಾವುದೂ ಇನ್ನು ಕಣ್ಣಿಗೆ ಬೇಡ, ನಾಳೆ ಹೊತ್ತಿಗೆ ಕಣ್ಣು ಬಿಡದಿದ್ರೆ ಪೇಟೆ ವೈದ್ಯರ ಹತ್ರ ಎತ್ಕೊಂಡು ಓಡಬೇಕು ಅಂತಲೂ ಹೇಳಿದಳಂತೆ.

ಬೆಳಿಗ್ಗೆ ಗಂಗಿ ಕಣ್ಣು ಬಿಟ್ಟು ಅವ್ವನ್ನ ನೋಡಿತು. ನೋಡಿ ಎರಡು ಸಲ ರೆಪ್ಪೆ ಬಡೀತು. ಹೊನ್ನವ್ವ ಬೆಚ್ಚಿಬಿದ್ದು ಹಿಂದೆ ಸರಿದಳಂತೆ.

“ಹೆದರಬೇಡ ಕಣೇ,” ಅಂದಳಂತೆ ಅಜ್ಜಿ. “ಕಣ್ಣು ತನ್ನನ್ನ ತಾನು ತೊಳ್ಕೊಳ್ಳೋದೇ ಹಾಗೆ. ಪಟಪಟ ಜಾಸ್ತಿಯಾದ್ರೆ ಮಾತ್ರ, ಏನೋ ಬಿದ್ದಿದೆ ಅಂತ ಕೂಸು ಹೇಳ್ತಿದೆ ಅಂದ್ಕೋ.”

ಆಮೇಲಿಂದ ಹೊನ್ನವ್ವ ಕಣದಿಂದ ಬಂದರೆ ಮೈ ತೊಳೆದು ಬೇರೆ ಸೀರೆ ಉಟ್ಟೇ ತೊಟ್ಟಿಲ ಹತ್ರ ಹೋಗೋಳಂತೆ. ನಿಂಗಮ್ಮ ಕಾಡಿಗೆ ಡಬ್ಬಿ ತಿಪ್ಪೆಗೆ ಎಸೆದು, ದಿನಾ ಸಂಜೆ ಸೊಸೆಗೆ ಬಿಸಿನೀರು ಕಾಸಿಡೋಳಂತೆ. ಗಂಗಿ ದೊಡ್ಡವಳಾದ ಮೇಲೆ ಕೇರಿಯ ಮುದುಕಿಯರೆಲ್ಲ ಸೂಜಿಗೆ ದಾರ ಪೋಣಿಸಿಕೊಳ್ಳೋಕೆ ಅವಳ ಹತ್ರಾನೇ ಬರ್ತಿದ್ದರಂತೆ.

ಅಲ್ಲಿಗೆ ನನ್ನ ಕತೆ ಮುಗೀತು, ಆ ಕಡೆ ತಿರುಗಿ ಮಲಕ್ಕೋ ಮಗಾ.