ಹೊಳೆ ದಾಟಿದ ಹುಣಸೆ

ಬನ್ನಿ ಮಕ್ಕಳೇ, ಗೋಡೆಗೆ ಒರಗಿ ಕೂತು ಈ ಅಜ್ಜಿ ಮಾತು ಕೇಳಿ. ಹೊಳೆಯ ಈ ದಡದಲ್ಲಿ ಬರೀ ಹುಣಸೆ, ಆ ದಡದಲ್ಲಿ ಬರೀ ಕಬ್ಬು. ಈಚೆ ದಡದ ಅಳಿಲು ಚೆಲುವವ್ವನ ಮರಿಗಳು ಹುಳಿ ತಿಂದು ತಿಂದು ಹಲ್ಲು ಚಳಿತು, ಊಟ ಬಿಟ್ಟು ಸೊರಗುತ್ತಿದ್ದವು. ಗಂಡ ಕೆಂಚಪ್ಪ ದಿನವೂ ಹುಣಸೆ ಹೊತ್ತು ಪಕ್ಕದ ಮರಕ್ಕೆ ಮಾರಲು ಹೋಗಿ, ಹೊತ್ತುಕೊಂಡೇ ವಾಪಸ್ಸು ಬರುತ್ತಿದ್ದ.

"ಹುಳಿ ಇದ್ದೋರಿಗೇ ಹುಳಿ ಮಾರ್ತೀಯಲ್ಲಯ್ಯಾ! ನಾನು ಆಚೆ ದಡಕ್ಕೆ ಹೋಗ್ತೀನಿ," ಅಂದಳು ಚೆಲುವವ್ವ.

"ಹೆಂಗಸು ಹೊಳೆ ದಾಟಿದ್ರೆ ಮರಿ ನೋಡ್ಕೊಳ್ಳೋರು ಯಾರೇ?"

"ಯಾಕೆ, ಅವಕ್ಕೆ ಅಪ್ಪ ಇಲ್ವಾ?"

ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸುವ ಆಮೆಯೊಂದಿತ್ತು; ಅದು ಕೂಲಿಯಾಗಿ ಮೊದಲೇ ಒಂದು ಮೊರ ಕಾಳು ಕೇಳಿತು. ಹೆಣ್ಣಳಿಲುಗಳು ದಿನಕ್ಕೊಂದು ಹಿಡಿ ಕಾಳು ಪೊಟರೆಗೆ ಹಾಕಿ, ಸರದಿಯಂತೆ ಎತ್ತಿಕೊಳ್ಳುವ ಚೀಟಿ ನಡೆಸುತ್ತಿದ್ದವು. ಈ ಸಲದ ಸರದಿ ಮುದುಕಿ ಸಣ್ಣಕ್ಕನದು.

"ನನ್ನ ಸರದಿ ನೀನೇ ತಗೊಳ್ಳೇ ಮಗಳೇ. ನಂಗೊಂದು ಜಲ್ಲೆ ಕಬ್ಬು ತಾ, ಇರೋ ಎರಡು ಹಲ್ಲಲ್ಲೇ ಜಗೀತೀನಿ," ಅಂದಳು ಅವಳು.

ಆಚೆ ದಡದ ಇಲಿ ಬೋರಮ್ಮ, ಚೆಲುವವ್ವ ಹೊತ್ತು ತಂದ ಹುಣಸೆ ಚೀಪಿ ಒಂದು ಕಣ್ಣು ಮುಚ್ಚಿದಳು. "ಸಿಹಿ ತಿಂದು ನಾಲಗೆ ಸತ್ತೇ ಹೋಗಿತ್ತು ಕಣಕ್ಕಾ! ಎಷ್ಟು ಬೇಕೋ ಅಷ್ಟು ಕಬ್ಬು ಒಯ್ಯಿ."

ಆ ಸಂಜೆ ಕಬ್ಬು ಚೀಪಿದ ಮರಿಗಳು ಕೊಂಬೆಯಿಂದ ಕೊಂಬೆಗೆ ಕುಣಿದವು.

ಸಣ್ಣಕ್ಕನಿಗೆ ಅವಳ ಜಲ್ಲೆ ಸಿಕ್ಕಿತು; ಆಮೇಲೆ ಕಬ್ಬು ಮಾರಿ ಬಂದ ಲಾಭದಲ್ಲಿ ಅವಳ ಕಾಳೂ ಎರಡರಷ್ಟಾಗಿ ಪೊಟರೆಗೆ ಬಂತು. ದಾಟುವವರು ಹೆಚ್ಚಿ, ಒಬ್ಬನೇ ಕೆಲಸ ತೂಗಿಸಲಾರದೆ ಆಮೆ ತನ್ನ ತಂಗಿಯನ್ನೂ ಕರೆಸಿಕೊಂಡಿತು. ಬೋರಮ್ಮ ಈಚೆ ದಡದಲ್ಲಿ ಬಿಲ ತೋಡಿ ಅಂಗಡಿ ಇಟ್ಟಳು. ಈಗ ಕೆಂಚಪ್ಪ ಮರಿಗಳ ಬಾಲ ಬಾಚುತ್ತಾ, "ನಿಮ್ಮ ಹೆಂಡ್ರನ್ನೂ ಹೊಳೆ ಆಚೆ ಕಳಿಸ್ರಯ್ಯಾ," ಅಂತ ಪಕ್ಕದ ಮರದ ಗಂಡಸರಿಗೆ ಬುದ್ಧಿ ಹೇಳುತ್ತಾನೆ. ಚೆಲುವವ್ವ ಎಲ್ಲಿ ಅಂತೀರಾ? ಇನ್ನೊಂದು ಹೊಳೆ ಎಲ್ಲಿದೆ ಅಂತ ಹುಡುಕೋಕೆ ಹೋಗಿದ್ದಾಳೆ!