ತುಪ್ಪ ನೋಡುವವನ ಗುಲಗಂಜಿ ಸರ

"ಗುರುಗಳೇ, ಮೂರು ವಿಮಾನ ಕಂಪನಿ ಅದಾವ. ನಮ್ಮ ಸದಸ್ಯ ಆಗು, ಹಾರಿದಷ್ಟು ಪಾಯಿಂಟ್ ಕೊಡ್ತೀವಿ ಅಂತ ಮೂರೂ ಬೆನ್ನು ಹತ್ಯಾವ. ಯಾವುದನ್ನ ನಂಬ್ಲಿ?" ಎಂದು ಅಮರೇಶ ಕೇಳಿದ.

ಅಮರೇಶನ ಕೆಲಸ ಬಾಯ್ಲರ್ ನೋಡುವುದು. ಸಕ್ಕರೆ ಕಾರ್ಖಾನೆ ಇರಲಿ, ಅಕ್ಕಿ ಗಿರಣಿ ಇರಲಿ, ಇವನು ಹೋಗಿ ಒಳಗೆ ಇಣುಕಿ, ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು ಕೇಳಿ, ಸರಿಯಿದೆ ಎಂದು ಸಹಿ ಹಾಕಿದ ಮೇಲೆಯೇ ಅಲ್ಲಿ ಬೆಂಕಿ ಹೊತ್ತಬೇಕು. ಒಂದು ವಾರ ಪುಣೆ, ಇನ್ನೊಂದು ವಾರ ಲಖನೌ. ಟಿಕೆಟ್ ತೆಗೆಸಿಕೊಡುವುದು ಅವನ ಕಂಪನಿ. ಪಾಯಿಂಟ್ ಮಾತ್ರ ಹಾರಿದವನ ಹೆಸರಿಗೆ.

ಒಂದು ತಿಂಗಳಿಂದ ಅವನು ಈ ಪಾಯಿಂಟುಗಳ ಹಿಂದೆ ಬಿದ್ದಿದ್ದ. ಮೂರೂ ಕಂಪನಿಗಳ ನಿಯಮಗಳನ್ನು ಅಚ್ಚು ಹಾಕಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ತಂದಿದ್ದ. ಮೊದಲನೆಯ ಕಂಪನಿಯ ಪಾಯಿಂಟು ವರ್ಷ ತುಂಬಿದರೆ ಸತ್ತುಹೋಗುತ್ತದೆ. ಎರಡನೆಯದು ನಲವತ್ತು ಸಾವಿರಕ್ಕೆ ಒಂದು ಟಿಕೆಟ್ ಎನ್ನುತ್ತದೆ, ನಲವತ್ತು ಸಾವಿರ ಕೂಡಿದ ದಿನ ಅರವತ್ತು ಸಾವಿರ ಎನ್ನುತ್ತದೆ. ಮೂರನೆಯದರಲ್ಲಿ ಎಷ್ಟು ಹುಡುಕಿದರೂ ಒಂದು ದೋಷವೂ ಸಿಗಲಿಲ್ಲ. ಆದ್ದರಿಂದ ಅದರ ಮೇಲೆಯೇ ಅವನಿಗೆ ಹೆಚ್ಚು ಅನುಮಾನ. ಅದನ್ನೇ ತಗೋ ಎಂದು ಹೇಳಿದ ಜೊತೆಗಾರನ ಮೇಲೂ ಅನುಮಾನ. ನನ್ನನ್ನು ಸೇರಿಸಿದರೆ ಇವನಿಗೇನೋ ಸಿಗುತ್ತಿರಬೇಕು ಎಂದುಕೊಂಡಿದ್ದ. ಕೊನೆಗೆ, ತನ್ನಿಂದ ಏನೂ ಸಿಗಲಾರದವರು ಊರಿನಲ್ಲಿ ಗುರುಗಳೊಬ್ಬರೇ ಎಂದು ತೀರ್ಮಾನಿಸಿ ಇಲ್ಲಿಗೆ ಬಂದಿದ್ದ.

ಗುರುಗಳು ಕಾಗದ ಮುಟ್ಟಲಿಲ್ಲ. "ವಿಮಾನದ ಸಂಗತಿ ನನಗ ತಿಳಿಯೂದಿಲ್ಲ ತಮ್ಮಾ. ದೋಣಿದು ಒಂದು ಗೊತ್ತದ. ಕೇಳು" ಎಂದು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನದು ತುಪ್ಪದ ವ್ಯಾಪಾರ. ತುಪ್ಪ ಬರುತ್ತಿದ್ದುದು ಹೊಳೆಯಾಚೆಯ ಹಳ್ಳಿಗಳಿಂದ. ಕೊಳ್ಳುವ ಮೊದಲು ಹೋಗಿ ನೋಡಿ ಬರಲು ವರ್ತಕ ಒಬ್ಬನನ್ನು ಇಟ್ಟುಕೊಂಡಿದ್ದ. ಜನ ಅವನನ್ನು ತುಪ್ಪ ನೋಡುವವ ಎಂದು ಕರೆಯುತ್ತಿದ್ದರು.

ಇವನು ಗಡಿಗೆಯ ಬಾಯಿಗೆ ಮೆತ್ತಿದ ಮಣ್ಣು ಒಡೆದು, ಬಟ್ಟೆ ಬಿಚ್ಚಿ, ಬೆರಳಿಳಿಸಿ ಒಂದಿಷ್ಟು ತುಪ್ಪ ತೆಗೆಯುತ್ತಿದ್ದ. ಅಂಗೈ ಹಿಂಭಾಗಕ್ಕೆ ಉಜ್ಜಿ ಮೂಸುತ್ತಿದ್ದ. ಬತ್ತಿಗೆ ಹಚ್ಚಿ ಉರಿಸಿ, ಚಟಪಟ ಎನ್ನುತ್ತದೆಯೋ ಎಂದು ಕಿವಿಗೊಡುತ್ತಿದ್ದ. ಇಷ್ಟು ಮಾಡಿದನೆಂದರೆ ನೀರು ಬೆರೆಸಿದ್ದೋ, ಕೊಬ್ಬು ಬೆರೆಸಿದ್ದೋ, ಹಳೆಯದರ ಮೇಲೆ ಹೊಸದು ಸುರಿದದ್ದೋ, ಯಾವುದೂ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಅವನ ಮಾತು ಸುಳ್ಳಾಗಿರಲಿಲ್ಲ. ವರ್ತಕ ಅವನಿಗೆ ಸಂಬಳ ಕೊಡುತ್ತಿದ್ದುದೇ ಅವನ ಅನುಮಾನಕ್ಕೆ.

ಅದು ಹುಟ್ಟಿನಿಂದ ಬಂದದ್ದು. ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಕುಡಿಯುವವನು. ಗುಡಿಯ ಪ್ರಸಾದವನ್ನೂ ಮೂಸಿ ಬಾಯಿಗೆ ಹಾಕುವ ಗಿರಾಕಿ. ಇಂಥವನನ್ನು ಯಾರು ಕರೆದು ಕೂರಿಸುತ್ತಾರೆ? ಅವನು ಹಳ್ಳಿಗೆ ಕಾಲಿಟ್ಟರೆ ಹೆಂಗಸರು "ಬಂತವ್ವಾ ಮೂಗು" ಎಂದು ಒಳಗೆ ಹೋಗುತ್ತಿದ್ದರು. ಬಾಯಾರಿತೇ ಎಂದು ಕೇಳುವವರಿರಲಿಲ್ಲ. ಅವನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಆದರೆ ಅವನಿಗೆ ಅದು ನೋಯುತ್ತಿತ್ತು.

ಹೊಳೆ ದಾಟಿಸಲು ಮೂವರು ಅಂಬಿಗರಿದ್ದರು. ಮೂವರಿಗೂ ಗಿರಾಕಿ ಬೇಕು. ಹತ್ತು ಸಲ ದಾಟಿದವರಿಗೆ ಒಂದು ತೆಂಗಿನಕಾಯಿ ಎಂದು ಒಬ್ಬ ಹೇಳಿದ. ತುಪ್ಪ ನೋಡುವವ ಆ ಕಾಯಿಗಳನ್ನು ಅಲುಗಾಡಿಸಿ ನೋಡಿದ. ಒಳಗೆ ನೀರಿರಲಿಲ್ಲ. ಎರಡನೆಯವನು ಐವತ್ತು ಸಲ ದಾಟಿದರೆ ಆಮೇಲೆ ಅರ್ಧ ಬಾಡಿಗೆ ಎಂದ. ಐವತ್ತಾಯಿತೆಂದು ಲೆಕ್ಕ ಇಡುವವರು ಯಾರು ಎಂದರೆ ತನ್ನ ತಲೆ ತೋರಿಸಿದ. ತುಪ್ಪ ನೋಡುವವ ಆ ತಲೆಯನ್ನು ಒಮ್ಮೆ ನೋಡಿ ಮುಂದೆ ಹೋದ.

ಮೂರನೆಯ ಅಂಬಿಗ ತನ್ನ ದೋಣಿಯ ಗಳಕ್ಕೆ ದಾರಗಳನ್ನು ಕಟ್ಟಿದ್ದ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ದಾರ. ಒಮ್ಮೆ ದಾಟಿದರೆ ಒಂದು ಗುಲಗಂಜಿ ಪೋಣಿಸುವುದು, ಎಲ್ಲರ ಕಣ್ಣೆದುರಿಗೆ. ವರ್ಷದೊಳಗೆ ನೂರು ತುಂಬಿದವನಿಗೆ ಮುಂದಿನ ವರ್ಷವಿಡೀ ದೋಣಿಯ ಮುಂದಿನ ಜಾಗ. ಅಲ್ಲಿ ಚಾಪೆಯ ನೆರಳು, ಕೂರಲು ಮೆತ್ತೆ. ಅವನು ಬರುವ ತನಕ ದೋಣಿ ದಡ ಬಿಡುವುದಿಲ್ಲ. ಯುಗಾದಿಯ ದಿನ ಎಲ್ಲ ಸರಗಳನ್ನೂ ಬಿಚ್ಚಿ ಮೊದಲಿನಿಂದ ಶುರು. ಜಾಗ ಒಂದೇ. ಇಬ್ಬರಿಗೆ ನೂರು ತುಂಬಿದರೆ ಆ ವರ್ಷ ಅಲ್ಲಿ ಕೂತಿದ್ದ ಹಳಬನಿಗೆ ಮೊದಲು. ಹಳಬನಿಗೆ ಒಂದು ಕಡಿಮೆಯಾದರೂ ಜಾಗ ಇನ್ನೊಬ್ಬನದು.

ತುಪ್ಪ ನೋಡುವವನಿಗೆ ಇದೂ ಒಂದು ಆಟವೇ ಅನ್ನಿಸಿತು. ದಾರವನ್ನು ಜಗ್ಗಿ ನೋಡಿದ. ಒಂದು ತಿಂಗಳು ದಂಡೆಯಲ್ಲಿ ಕೂತು ಬೇರೆಯವರ ಗುಲಗಂಜಿ ಎಣಿಸಿದ. ಹಳೆಯ ಗಿರಾಕಿಗಳನ್ನು ಒಬ್ಬೊಬ್ಬರನ್ನೇ ಮರೆಗೆ ಕರೆದು ಕೇಳಿದ. ಮೋಸ ಎಲ್ಲೂ ಸಿಗಲಿಲ್ಲ. ಕೊನೆಗೆ ಅಂಬಿಗನನ್ನೇ ಹಿಡಿದು ನಿಲ್ಲಿಸಿದ.

"ಇದರಾಗ ನಿನಗೇನು ಲಾಭ?"

"ನೀವು ಬರ್ತೀರಲ್ರಿ ಧಣಿ, ಅದ ಲಾಭ" ಎಂದು ಅಂಬಿಗ ನಕ್ಕ.

ಇಷ್ಟು ನೇರವಾಗಿ ಹೇಳಿದ ಮೇಲೆ ಅನುಮಾನಿಸಲು ಏನೂ ಉಳಿಯಲಿಲ್ಲ. ಹಾಗೆ ಉಳಿಯದಿದ್ದುದರಿಂದ ಅವನಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೂ ದಾರ ಕಟ್ಟಿಸಿದ. ಬಾಡಿಗೆ ಹೇಗೂ ವರ್ತಕನದು.

ಮೊದಲ ವರ್ಷ ತುಪ್ಪ ಹೇರಳವಾಗಿತ್ತು. ಓಡಾಟದಲ್ಲಿ ನೂರು ತಾನಾಗಿಯೇ ತುಂಬಿತು. ಯುಗಾದಿಯ ಮರುದಿನ ಅವನು ದಂಡೆಗೆ ಬಂದಾಗ ಅಂಬಿಗ ಎದ್ದು ನಿಂತು "ಬರ್ರಿ ಧಣಿ, ನಿಮ್ಮ ದಾರೀನ ಕಾಯಾಕತ್ತಿದ್ದೆ" ಎಂದ. ಮೆತ್ತೆ ಕೊಡವಿ ಹಾಸಿದ. ದೋಣಿಯಲ್ಲಿದ್ದವರೆಲ್ಲ ಸರಿದು ದಾರಿ ಬಿಟ್ಟರು. ತನ್ನ ಮುಖ ನೋಡಿ ಒಬ್ಬ ಮನುಷ್ಯ ಸಂತೋಷಪಟ್ಟದ್ದನ್ನು ಅವನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ನೆರಳಿನಲ್ಲಿ ಕೂತ.

ಎರಡನೆಯ ವರ್ಷ ಎಮ್ಮೆಗಳಿಗೆ ಕಾಲುಬಾಯಿ ಬೇನೆ ಬಂತು. ತುಪ್ಪ ಅರ್ಧಕ್ಕಿಳಿಯಿತು, ಓಡಾಟವೂ ಇಳಿಯಿತು. ಯುಗಾದಿಗೆ ಒಂದೂವರೆ ತಿಂಗಳಿರುವಾಗ ಅವನ ಸರದಲ್ಲಿ ತೊಂಬತ್ತೆರಡು ಗುಲಗಂಜಿಗಳಿದ್ದವು. ಪಕ್ಕದಲ್ಲಿ ಒಬ್ಬ ಎಣ್ಣೆ ವ್ಯಾಪಾರಿಯ ಸರ ತೂಗುತ್ತಿತ್ತು. ಅದರಲ್ಲಿ ತೊಂಬತ್ತಾರು. ಅವನು ಅದನ್ನು ಓರೆಗಣ್ಣಿನಲ್ಲಿ ಎಣಿಸಿದ. ಆಚೆ ದಂಡೆಯ ತುಪ್ಪವೆಲ್ಲ ನೋಡಿ ಮುಗಿದಿತ್ತು. ಒಬ್ಬ ಹೆಂಗಸಿನ ಮನೆಯದು ಮಾತ್ರ ಬಾಕಿ.

ಆ ಹೆಂಗಸಿಗೆ ಐದು ಎಮ್ಮೆ. ಬೇನೆಯಲ್ಲಿ ರಾತ್ರಿ ಹಗಲು ಆರೈಕೆ ಮಾಡಿ ಐದನ್ನೂ ಉಳಿಸಿಕೊಂಡಿದ್ದಳು. ಹನ್ನೆರಡು ಗಡಿಗೆ ತುಪ್ಪ ತುಂಬಿಸಿ ಬಾಯಿ ಕಟ್ಟಿಟ್ಟಿದ್ದಳು. ಅವಳ ಬಣವೆಯಲ್ಲಿದ್ದ ಮೇವು ಯುಗಾದಿಯ ತನಕ ಬರುತ್ತಿತ್ತು. ಆಮೇಲೆ ಮಳೆಗಾಲದವರೆಗಿನ ಮೇವು ಈ ತುಪ್ಪದಿಂದಲೇ ಬರಬೇಕು. ಎಂಟು ವರ್ಷದಿಂದ ಅವಳ ತುಪ್ಪ ಒಂದೇ ನೋಟಕ್ಕೆ ಪಾಸಾಗಿತ್ತು.

ತುಪ್ಪ ನೋಡುವವ ಬಂದ. ಹೊಳೆಯಲ್ಲಿ ಕೈ ತೊಳೆದು, ಧೋತರಕ್ಕೆ ಒರೆಸಿ, ಹನ್ನೆರಡು ಗಡಿಗೆಯ ಬಾಯಿಯನ್ನೂ ಒಡೆದ. ಬೆರಳಿಳಿಸಿದ, ಉಜ್ಜಿದ, ಮೂಸಿದ. ತುಪ್ಪ ಹರಳು ಹರಳಾಗಿ ಕೂತಿತ್ತು. ಅವನು ಮತ್ತೆ ಮೂಸಿದ. ಹುಬ್ಬು ಗಂಟಿಕ್ಕಿತು.

"ಇನ್ನೊಮ್ಮೆ ನೋಡಬೇಕು" ಎಂದ.

ಹೋಗುವಾಗ ಒಂದು, ಬರುವಾಗ ಒಂದು. ಸರ ತೊಂಬತ್ತನಾಲ್ಕಾಯಿತು. ವರ್ತಕನಿಗೆ ವಿಷಯ ತಿಳಿಸಿದಾಗ ಅವನು ತಲೆದೂಗಿ, ಇಷ್ಟು ಎಚ್ಚರ ಇರುವವರು ಈಗ ಎಲ್ಲಿ ಸಿಗುತ್ತಾರೆ ಎಂದ.

ಹತ್ತು ದಿನ ಬಿಟ್ಟು ಮತ್ತೆ ಹೋದ. ಅವಳು ಹೊಸದಾಗಿ ಮೆತ್ತಿದ್ದ ಮಣ್ಣನ್ನು ಒಡೆದ, ಹನ್ನೆರಡಕ್ಕೂ ಬೆರಳಿಳಿಸಿದ. ಎಮ್ಮೆಗೆ ಏನು ತಿನ್ನಿಸಿದೆ, ಬೇನೆಯಲ್ಲಿ ಏನು ಔಷಧ ಕುಡಿಸಿದೆ ಎಂದು ಕೇಳಿದ. ಇನ್ನೊಮ್ಮೆ ನೋಡಬೇಕು ಎಂದ. ಬೇರೆ ವರ್ತಕರಿಗೆ ಮಾರೋಣವೆಂದರೆ ಯಾರೂ ಮುಟ್ಟಲಿಲ್ಲ. ಮೂಗು ಒಪ್ಪದ ತುಪ್ಪ ನಮಗೆ ಬೇಡ ಎಂದರು.

ಮೂರನೆಯ ಸಲ ಬಂದಾಗ ಬಿಸಿಲು ಏರಿತ್ತು. ಅವಳು ಗಡಿಗೆಗೆ ಅಡ್ಡ ನಿಂತಳು.

"ಯಣ್ಣಾ, ಮ್ಯಾಲಿಂದ ಮ್ಯಾಲೆ ಗಾಳಿ ತಾಗಿದ್ರ ತುಪ್ಪ ಉಳೀತದೇನ್ರಿ? ಬೇಕಂದ್ರ ಇವತ್ತ ತಗೊಂಡ ಹೋಗ್ರಿ. ಬ್ಯಾಡಂದ್ರ ಬ್ಯಾಡ ಅನ್ರಿ. ನೋಡೂದೊಂದು ಬಿಡ್ರಿ. ಇಲ್ಲಾಂದ್ರ ಇನ್ನೊಮ್ಮೆ ಕಾಯಿಸಿಯಾದ್ರೂ ಕೊಡ್ತೀನಿ."

ಅವನು ಅವಳನ್ನು ದಿಟ್ಟಿಸಿ ನೋಡಿದ. ಇವಳಿಗೆ ಇಷ್ಟು ಅವಸರ ಯಾಕೆ? ಎಂಟು ವರ್ಷ ಸುಮ್ಮನಿದ್ದವಳು ಈಗ ಅಡ್ಡ ನಿಲ್ಲುವುದು ಯಾಕೆ? ಎರಡನೆಯ ಸಲ ಕಾಯಿಸುತ್ತೇನೆ ಎನ್ನುವವರು ಏನನ್ನೋ ಮುಚ್ಚಲು ಹೊರಟವರು. ಇಪ್ಪತ್ತು ವರ್ಷದ ಅನುಭವ ಅವನಿಗೆ ಹಾಗೆ ಹೇಳಿತು. ಅವಳನ್ನು ಸರಿಸಿ ಹನ್ನೆರಡನ್ನೂ ತೆರೆದ. ಕಾಯಿಸಕೂಡದು, ಇದ್ದ ಹಾಗೇ ಇರಲಿ, ಇನ್ನೊಮ್ಮೆ ನೋಡಬೇಕು ಎಂದ.

ಯುಗಾದಿಗೆ ಎರಡು ದಿನವಿರುವಾಗ ನಾಲ್ಕನೆಯ ಸಲ ಬಂದ. ಮೊದಲ ಗಡಿಗೆಯ ಬಟ್ಟೆ ಬಿಚ್ಚುತ್ತಲೇ ಕಮಟು ವಾಸನೆ ಮೂಗಿಗೆ ಹೊಡೆಯಿತು. ಬೆರಳಿಳಿಸುವ ಕೆಲಸವೇ ಬೀಳಲಿಲ್ಲ. ಅವನ ಮುಖ ಅರಳಿತು.

"ನಾನು ಮೊದಲನೇ ದಿನಾನೇ ಅಂದಿದ್ದೆ" ಎಂದ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಗಡಿಗೆಗಳ ಮುಂದೆ ಕೂತುಬಿಟ್ಟಳು. ಅವನು ಹೊಳೆ ದಾಟಿ ಬಂದು ವರ್ತಕನಿಗೆ ಹೇಳಿದ. ವರ್ತಕ ಅವನ ಬೆನ್ನು ತಟ್ಟಿ, ನಿನ್ನ ಮೂಗು ಇರುವ ತನಕ ನನಗೆ ಮೋಸವಿಲ್ಲ ಎಂದ. ಅಂದು ಅಂಬಿಗ ನೂರನೆಯ ಗುಲಗಂಜಿ ಪೋಣಿಸಿದ. ಎಣ್ಣೆ ವ್ಯಾಪಾರಿ ಒಂದು ಸಲ ಹೊಳೆಗೆ ಉಗುಳಿ ಹಿಂದೆ ಹೋಗಿ ಕೂತ.

ಯುಗಾದಿ ಕಳೆದು ವಾರವಾಗಿತ್ತು. ತುಪ್ಪ ನೋಡುವವ ಆಚೆ ದಂಡೆಯ ಒಂದು ಊರಿಂದ ಮರಳಿ ಬರುವವನಿದ್ದ. ಅಲ್ಲಿ ಒಂದು ಮನೆಯಲ್ಲಿ ತಡವಾಯಿತು. ದೋಣಿ ಅವನಿಗಾಗಿ ಸುಡುಬಿಸಿಲಿನಲ್ಲಿ ನಿಂತಿತ್ತು. ಅವನು ನಿಧಾನವಾಗಿ ಬಂದ. ಅಂಬಿಗ ಎದ್ದ, ಮೆತ್ತೆ ಕೊಡವಿದ. ದೋಣಿಯ ಹಿಂದಿನ ತುದಿಯಲ್ಲಿ ಆ ಹೆಂಗಸು ಕೂತಿದ್ದಳು. ಅವಳ ಕೈಯಲ್ಲಿ ಐದು ಹಗ್ಗ. ನೀರಿನಲ್ಲಿ ಐದು ಎಮ್ಮೆಗಳು ದೋಣಿಗೆ ಆತು ನಿಂತಿದ್ದವು. ಮೇವು ಮುಗಿದಿತ್ತು. ಪಟ್ಟಣದ ದನದ ಸಂತೆಗೆ ಮಾರಲು ಹೊಡೆದುಕೊಂಡು ಹೊರಟಿದ್ದಳು. ಬೆಳಗಿನಿಂದ ಅಲ್ಲೇ ಕಾದಿದ್ದಳು.

ಅವಳು ಅವನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಸುಮ್ಮನೆ ನೋಡಿದಳು.

ಇವಳು ಹೀಗೇಕೆ ನೋಡುತ್ತಾಳೆ ಎಂದು ಅವನು ಯೋಚಿಸಿದ. ದೋಣಿ ನಡುಹೊಳೆಗೆ ಬಂದಾಗ ಅವನು ನೆರಳಿನಿಂದ ಬಾಗಿ, ಈಜುತ್ತಿದ್ದ ಎಮ್ಮೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಇಷ್ಟು ಒಳ್ಳೆಯ ಎಮ್ಮೆಗಳನ್ನು ಯಾರಾದರೂ ಸುಮ್ಮನೆ ಮಾರುತ್ತಾರೆಯೇ? ಇವುಗಳಲ್ಲಿ ಏನೋ ಇರಬೇಕು ಅನ್ನಿಸಿತು. ಸಂತೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕುವುದು ಒಳ್ಳೆಯದು ಎಂದುಕೊಂಡ.

ಕತೆ ಇಲ್ಲಿಗೆ ನಿಂತಿತು.

ಅಮರೇಶನಿಗೆ ಸಿಟ್ಟು ಬಂದಿತ್ತು. ಜೊತೆಗೆ ಮನಸ್ಸು ಒಂದಿಷ್ಟು ಹಗುರವೂ ಆಯಿತು, ಯಾಕೆಂದರೆ ಕತೆಯಲ್ಲಿ ಕಳ್ಳ ಯಾರು ಎಂಬುದು ಅವನಿಗೆ ಸಿಕ್ಕಿತ್ತು. ಕಾಗದಗಳನ್ನು ಮಡಚಿ ಜೇಬಿಗೆ ಹಾಕಿಕೊಂಡ.

"ಒಂದು ಮೆತ್ತೆ ಸಲುವಾಗಿ ಹಂಥಾ ಸುಳ್ಳು ಹೇಳಿದನಲ್ರಿ, ನೀಚ ಅವನು. ನನಗ ಆ ಭಯ ಇಲ್ರಿ ಗುರುಗಳೇ. ಯಾವ ಕಂಪನಿ ಸೇರಿದ್ರೂ ನಾ ಸುಳ್ಳು ಬರಿಯೂದಿಲ್ಲ. ನನಗ ಅನುಮಾನ ಬಂದ್ರಷ್ಟ ಇನ್ನೊಮ್ಮೆ ಹೋಗಿ ನೋಡ್ತೀನಿ."

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನೂ ಒಂದೂ ಸುಳ್ಳು ಹೇಳಲಿಲ್ಲ ತಮ್ಮಾ, ನಾಲ್ಕೂ ಸಲ ಅವನಿಗೆ ಅನುಮಾನ ಖರೇನೇ ಬಂದಿತ್ತು."